ಸಭಾಕ್ಕ ಹೋಗಿದ್ದೇನು?: ಭೋರ್ ದಾರಿಯಲ್ಲಿ ಸಹಕಾರದ ಚರಿತ್ರೆ

ಹೋದ ವರ್ಷ ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ, ಅಪ್ಪನನ್ನು ಕೂರಿಸಿಕೊಂಡು ಭೋರ್ ಕಡೆ ಹೊರಟಿದ್ದೆ. ಹೊಸ ಇಂದ್ರಾಯಣಿ ಅಕ್ಕಿ ಬಂದಿರುತ್ತದೆ, ಒಂದು ಚೀಲ ತರೋಣ ಎಂಬುದು ನೆಪ. ಪುಣೆಯಲ್ಲಿರುವ ಕನ್ನಡಿಗರಿಗೆ ಆ ದಾರಿಯ ಗುರುತು ಹೇಳಬೇಕಿಲ್ಲ. ನಮ್ಮೂರ ಸ್ಲೀಪರ್ ಬಸ್ಸುಗಳು ರಾತ್ರಿ ಹಿಡಿಯುವ ಬೆಂಗಳೂರು ಹೆದ್ದಾರಿಯೇ ಅದು. ಕಾತ್ರಜ್ ಘಾಟು, ಖೇಡ್ ಶಿವಾಪುರದ ಟೋಲ್ ದಾಟಿದ ಮೇಲೆ ಕಾಪೂರಹೋಳ ಬರುತ್ತದೆ. ಅಲ್ಲಿ ಎಡಕ್ಕೆ ತಿರುಗಿದರೆ ನಾರಾಯಣಪುರ, ಪುರಂದರ ಕೋಟೆ, ಸಾಸವಡ. ಬಲಕ್ಕೆ ತಿರುಗಿದರೆ ಭೋರ್.

ನಿಜವಾದ ಕಾರಣ ಬೇರೆ ಇತ್ತು. ಅಪ್ಪ ನಾಲ್ಕು ದಿನದಿಂದ ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಗದಗ ತಾಲೂಕಿನ ಒಂದು ಊರಲ್ಲಿ ಪ್ರಾಥಮಿಕ ಶಾಲೆ ಮಾಸ್ತರರಾಗಿದ್ದು ನಿವೃತ್ತರಾದವರು ಅವರು. ಮೂರು ವರ್ಷದ ಹಿಂದೆ ತಮ್ಮ ಉಳಿತಾಯದ ಆರು ಲಕ್ಷವನ್ನು ನನ್ನ ಕೈಗೆ ಕೊಟ್ಟು, ಎಲ್ಲಾದರೂ ಇಡು ಅಂದಿದ್ದರು. ನಾನು ಅದನ್ನು ನಮ್ಮ ಅಪಾರ್ಟ್‌ಮೆಂಟಿನ ಹತ್ತಿರದ ಒಂದು ಪತಸಂಸ್ಥೆಯಲ್ಲಿ, ಅಂದರೆ ಪತ್ತಿನ ಸಹಕಾರಿ ಸಂಘದಲ್ಲಿ, ಇಟ್ಟೆ. ಬ್ಯಾಂಕಿಗಿಂತ ಒಂದೂವರೆ ಪರ್ಸೆಂಟ್ ಬಡ್ಡಿ ಹೆಚ್ಚು ಕೊಡುತ್ತಿದ್ದರು. ಈಗ ಅದರ ಶಟರ್ ಮೇಲೆ ಒಂದು ಕಾಗದ ಅಂಟಿಸಿದ್ದಾರೆ. ಸಂಘದ ಹೆಸರು ಇಲ್ಲಿ ಬೇಡ. ನಿಮ್ಮ ಬಡಾವಣೆಯಲ್ಲೂ ಅಂಥದ್ದೊಂದು ಇರಬಹುದು.

ಶಿವಾಪುರ ದಾಟಿದ ಮೇಲೆ ಅಪ್ಪ ಬಾಯಿಬಿಟ್ಟರು. "ಅದರ ಸಭಾಕ್ಕ ಒಮ್ಮೆರ ಹೋಗಿದ್ದೇನು?"

"ಯಾವ ಸಭಾಪಾ?"

"ವರ್ಷಾ ಕರೀತಾರಲ್ಲೋ, ಸರ್ವ ಸದಸ್ಯರ ಸಭಾ. ನೀ ಸದಸ್ಯ ಹೌದೋ ಅಲ್ಲೋ?"

ನನಗೆ ಉತ್ತರ ಗೊತ್ತಿರಲಿಲ್ಲ. ಏನೋ ಒಂದು ಫಾರ್ಮಿಗೆ ಸಹಿ ಹಾಕಿದ್ದೆ, ನೂರು ರೂಪಾಯಿ ಕೊಟ್ಟಿದ್ದೆ. ಆಮೇಲೆ ತೆಗೆದು ನೋಡಿದರೆ ಅದರಲ್ಲಿ 'ನಾಮಮಾತ್ರ ಸದಸ್ಯ' ಎಂದಿತ್ತು. ನಾಮಮಾತ್ರ ಸದಸ್ಯನಿಗೆ ಮತದ ಹಕ್ಕಿಲ್ಲ. ಇಪ್ಪತ್ತು ವರ್ಷದಿಂದ ಸಾಫ್ಟ್‌ವೇರ್ ಪ್ರಾಜೆಕ್ಟುಗಳನ್ನು ನಡೆಸುತ್ತ, ಪ್ರತಿ ಒಪ್ಪಂದದ ಕೊನೆಯ ಪುಟದವರೆಗೂ ಓದುವ ನಾನು, ಅಪ್ಪನ ಜೀವಮಾನದ ಹಣ ಇಟ್ಟ ಕಡೆ ನಾನು ಯಾರು ಎಂಬುದನ್ನೇ ಓದಿರಲಿಲ್ಲ.

ಅಪ್ಪನ ಆ ಪ್ರಶ್ನೆ ಹಿಡಿದು ಮುಂದಿನ ಕೆಲವು ತಿಂಗಳು ಓದಿದೆ. ಕಳೆದ ಜುಲೈಯಲ್ಲಷ್ಟೇ ದೇಶಕ್ಕೊಂದು ಹೊಸ ರಾಷ್ಟ್ರೀಯ ಸಹಕಾರ ನೀತಿ ಬಂದಿದೆ. ವಿಶ್ವಸಂಸ್ಥೆಯೋ 'ಸಾಮಾಜಿಕ ಮತ್ತು ಒಗ್ಗಟ್ಟಿನ ಆರ್ಥಿಕತೆ' ಎಂಬ ಇನ್ನೂ ದೊಡ್ಡ ಹೆಸರಿನಡಿ ಪ್ರತಿ ದೇಶವೂ ನೀತಿ ಮಾಡಲಿ ಎನ್ನುತ್ತಿದೆ. ಇವೆಲ್ಲ ದಿಲ್ಲಿ, ಜಿನೀವಾ, ನ್ಯೂಯಾರ್ಕಿನ ವಿಷಯಗಳು ಅಂದುಕೊಂಡಿದ್ದೆ. ಓದುತ್ತ ಹೋದರೆ ಕತೆಯ ಮೊದಲ ಅಧ್ಯಾಯ ಕಾಪೂರಹೋಳದ ಎಡದಾರಿಯಲ್ಲೂ, ಎರಡನೆಯದು ಅಪ್ಪನ ಊರಿನ ಪಕ್ಕದಲ್ಲೂ ಸಿಕ್ಕಿತು.

ಸುಪೆಯ ಸಂತೆ

1875ರ ಮೇ 12. ಪುಣೆ ಜಿಲ್ಲೆಯ ಭೀಮಥಡಿ ತಾಲೂಕಿನ ಸುಪೆ ಎಂಬ ಊರಿನಲ್ಲಿ ಸಂತೆಯ ದಿನ. ಸುತ್ತಲಿನ ಹಳ್ಳಿಗಳಿಂದ ಬಂದ ರೈತರು ಸಾಹುಕಾರರ ಅಂಗಡಿ, ಮನೆಗಳಿಗೆ ನುಗ್ಗಿದರು. ಲೂಟಿಯೂ ಆಯಿತು, ಆದರೆ ಅವರು ಹುಡುಕುತ್ತಿದ್ದುದು ಮುಖ್ಯವಾಗಿ ಕಾಗದ. ಸಾಲಪತ್ರ, ಖಾತೆ ಪುಸ್ತಕ, ಕೋರ್ಟಿನ ಡಿಕ್ರಿ ಸಿಕ್ಕರೆ ಬೀದಿಗೆ ತಂದು ಸುಡುತ್ತಿದ್ದರು. ಪತ್ರ ಕೊಟ್ಟ ಸಾಹುಕಾರನ ಮೈ ಮುಟ್ಟುತ್ತಿದ್ದುದು ಕಡಿಮೆ. ಗಲಭೆ ಪುಣೆ, ಅಹ್ಮದ್‌ನಗರ ಜಿಲ್ಲೆಗಳ ಹತ್ತಾರು ಹಳ್ಳಿಗಳಿಗೆ ಹರಡಿತು. ಚರಿತ್ರೆಯ ಪುಸ್ತಕಗಳಲ್ಲಿ ಇದಕ್ಕೆ ದಖ್ಖನ್ ದಂಗೆ ಎಂದು ಹೆಸರು.

ಕಾರಣಗಳು ಒಂದರ ಮೇಲೊಂದು ಕೂತಿದ್ದವು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಗೆ ಬಂಗಾರದ ಬೆಲೆ ಬಂದು ಸಾಹುಕಾರರು ಕೇಳಿದಷ್ಟು ಸಾಲ ಕೊಟ್ಟಿದ್ದರು. 1865ರಲ್ಲಿ ಯುದ್ಧ ಮುಗಿದು ಬೆಲೆ ಬಿತ್ತು. ಅದೇ ಹೊತ್ತಿಗೆ ಸರ್ಕಾರ ಭೂಕಂದಾಯ ಪರಿಷ್ಕರಿಸಿ ಏರಿಸಿತು. ಸಾಹುಕಾರ ಹೊಸ ಸಾಲ ನಿಲ್ಲಿಸಿದ, ಹಳೆಯದನ್ನು ಕೇಳಿದ. ಇದರ ನಡುವೆ ರೈತನಿಗೆ ಒಳ್ಳೆಯದಾಗಲಿ ಎಂದೇ ತಂದಿದ್ದ ಕಾನೂನೊಂದು ತಿರುಗಿ ಹೊಡೆದಿತ್ತು. 1859ರ ಕಾಯ್ದೆಯ ಪ್ರಕಾರ ಸಾಲಪತ್ರಕ್ಕೆ ಮೂರೇ ವರ್ಷ ಆಯುಸ್ಸು. ಹಳೆಯ ಸಾಲಗಳು ಬೆಳೆಯದಿರಲಿ ಎಂಬುದು ಅದರ ಉದ್ದೇಶ. ಸಾಹುಕಾರರು ಮಾಡಿದ್ದೇನೆಂದರೆ, ಮೂರು ವರ್ಷಕ್ಕೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡದ್ದು. ನೀತಿ ಬರೆದವರು ಅಂದುಕೊಂಡದ್ದೇ ಒಂದು, ಊರಲ್ಲಿ ನಡೆದದ್ದೇ ಒಂದು. ಈ ಮಾತನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ಸರ್ಕಾರ ಆಯೋಗ ನೇಮಿಸಿತು. 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಬಂತು. ಪುಣೆ, ಸಾತಾರಾ, ಸೋಲಾಪುರ, ಅಹ್ಮದ್‌ನಗರ ಜಿಲ್ಲೆಗಳಲ್ಲಿ ಕೋರ್ಟು ಸಾಲದ ಹಿಂದುಮುಂದನ್ನು ತಾನೇ ವಿಚಾರಿಸಬಹುದು, ಸಾಲಕ್ಕಾಗಿ ರೈತನನ್ನು ಜೈಲಿಗೆ ಹಾಕುವಂತಿಲ್ಲ ಎಂದಾಯಿತು. ಭೋರ್ ಆಗ ಪಂತ ಸಚಿವರ ಸಂಸ್ಥಾನ. ಬ್ರಿಟಿಷರ ಕಾಯ್ದೆ ತಾನಾಗಿ ಜಾರಿಯಾಗದ ನೆಲ. ಕಾಪೂರಹೋಳದ ಈ ಕವಲಿನಲ್ಲಿ ಎರಡು ಕಾನೂನಿನ ನಾಡುಗಳು ಅಕ್ಕಪಕ್ಕ ಇದ್ದವು ಎನ್ನಬಹುದು.

ಸಾಹುಕಾರನ ಕೈ ಕಟ್ಟಿದರೆ ಸಾಕೇ? ರೈತನಿಗೆ ಬೀಜಕ್ಕೆ, ಎತ್ತಿಗೆ ದುಡ್ಡು ಬೇಕೇ ಬೇಕು. ಅದನ್ನು ಯಾರು ಕೊಡಬೇಕು? ಈ ಪ್ರಶ್ನೆ ಎತ್ತಿದವರು ಪುಣೆಯಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ವಿಲಿಯಂ ವೆಡರ್‌ಬರ್ನ್ ಮತ್ತು ಅವರ ಜೊತೆ ನಿಂತ ಮಹಾದೇವ ಗೋವಿಂದ ರಾನಡೆ. ರೈತರ ಹಳೆಯ ಸಾಲ ತೀರಿಸಿ, ಕಡಿಮೆ ಬಡ್ಡಿಗೆ ಹೊಸ ಸಾಲ ಕೊಡುವ ಕೃಷಿ ಬ್ಯಾಂಕು ಅವರ ಯೋಜನೆ. ಪ್ರಯೋಗಕ್ಕೆ ಆರಿಸಿದ ತಾಲೂಕು ಪುರಂದರ, ಅಂದರೆ ಕಾಪೂರಹೋಳದ ಎಡಗಡೆ. ಭಾರತ ಸರ್ಕಾರ ಒಪ್ಪಿ 1884ರಲ್ಲಿ ಲಂಡನ್ನಿಗೆ ಕಳಿಸಿತು. ಲಂಡನ್ ಒಪ್ಪಲಿಲ್ಲ. ಕಡತ ಅಲ್ಲಿಗೇ ಮುಗಿಯಿತು.

ಕಣಗಿನಹಾಳ

ಇಪ್ಪತ್ತು ವರ್ಷ ಕಳೆಯಿತು, ನಡುವೆ ಬರಗಾಲಗಳು ಬಂದು ಹೋದವು. ಸರ್ಕಾರವೇನೂ ಸುಮ್ಮನಿರಲಿಲ್ಲ. ಮದ್ರಾಸ್ ಪ್ರಾಂತ್ಯದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಯುರೋಪಿಗೆ ಹೋಗಿ ಅಲ್ಲಿನ ಗ್ರಾಮೀಣ ಬ್ಯಾಂಕುಗಳನ್ನು ನೋಡಿ ಬಂದು, 1895 ಮತ್ತು 1897ರಲ್ಲಿ ದೊಡ್ಡ ವರದಿ ಕೊಟ್ಟರು. ಜರ್ಮನಿಯ ರೈಫಿಸೆನ್ ಎಂಬ ಮೇಯರ್ ಹಳ್ಳಿಗರನ್ನು ಕೂಡಿಸಿ ಕಟ್ಟಿದ ಸಾಲ ಸಂಘಗಳು ಅವರ ಮನಸ್ಸಿಗೆ ಹಿಡಿದಿದ್ದವು. ನಿಯಮಕ್ಕಿಂತ ಮೊದಲು ಅಂಥ ಮನುಷ್ಯರನ್ನು ಹುಡುಕಬೇಕು ಎಂಬುದು ಅವರ ವರದಿಯ ತಿರುಳು. ಕೊನೆಗೆ 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂತು.

ಆ ಕಾಯ್ದೆ ತುಂಬ ಚಿಕ್ಕದು, ನಮ್ಮ ಕಂಪನಿಯ ರಜೆ ನಿಯಮಾವಳಿಗಿಂತ ಚಿಕ್ಕದು. ಹದಿನೆಂಟು ತುಂಬಿದ ಹತ್ತು ಜನ ಸೇರಿದರೆ ಸಂಘ ಕಟ್ಟಬಹುದು. ಹಳ್ಳಿಯ ಸಂಘವಾದರೆ ಐದರಲ್ಲಿ ನಾಲ್ಕು ಪಾಲು ಸದಸ್ಯರು ರೈತರಿರಬೇಕು. ಬಂದ ಲಾಭ ಹಂಚಿಕೊಳ್ಳದೆ ಮೀಸಲು ನಿಧಿಗೆ ಹೋಗಬೇಕು. ಎಲ್ಲಕ್ಕಿಂತ ಮುಖ್ಯ, ಹಳ್ಳಿಯ ಸಂಘದ ಸದಸ್ಯರಿಗೆ ಅಪರಿಮಿತ ಹೊಣೆ. ಸಂಘ ಮುಳುಗಿದರೆ ಸದಸ್ಯನ ಷೇರು ಮಾತ್ರವಲ್ಲ, ಹೊಲಮನೆಯೂ ಹೊಣೆ. ಇವತ್ತಿಗೆ ಕೇಳಿದರೆ ಹೆದರಿಕೆ ಹುಟ್ಟುವ ನಿಯಮ. ಆದರೆ ಅದರ ಒಳಗೊಂದು ಲೆಕ್ಕಾಚಾರ ಇತ್ತು. ಪಕ್ಕದ ಮನೆಯವನು ಸಾಲ ತೀರಿಸದಿದ್ದರೆ ನನ್ನ ಹೊಲ ಹೋಗುತ್ತದೆ ಎಂದಾದಾಗ, ಯಾರಿಗೆ ಸಾಲ, ಎಷ್ಟು ಸಾಲ, ಯಾತಕ್ಕೆ ಸಾಲ ಎಂದು ಕೇಳಲು ನಾನು ಸಭೆಗೆ ಹೋಗಿಯೇ ಹೋಗುತ್ತೇನೆ.

1905ರಲ್ಲಿ ಆಗಿನ ಧಾರವಾಡ ಜಿಲ್ಲೆಯ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಈ ಕಾಯ್ದೆಯಡಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಏಷ್ಯಾದಲ್ಲೇ ಮೊದಲನೆಯದು ಎಂದು ನಮ್ಮ ಕಡೆ ಹೇಳುವ ರೂಢಿ. ತಮಿಳುನಾಡಿನ ತಿರೂರಿನವರು ನಾವೇ ಮೊದಲಿಗರು ಎನ್ನುತ್ತಾರೆ. ಬರೋಡಾದಲ್ಲಿ ವಿಠ್ಠಲ ಲಕ್ಷ್ಮಣ ಕವಠೇಕರ್ 1889ರಲ್ಲೇ, ಯಾವ ಕಾಯ್ದೆಯೂ ಇಲ್ಲದಾಗ, 'ಅನ್ಯೋನ್ಯ ಸಹಕಾರಿ ಮಂಡಳಿ' ಕಟ್ಟಿದ್ದರು. ಯಾರು ಮೊದಲು ಎಂಬ ಜಗಳ ಇರಲಿ. ನನಗೆ ಮುಖ್ಯವಾಗಿ ಕಂಡದ್ದು, ಪುರಂದರದಲ್ಲಿ ಮೇಲಿಂದ ಕೊಡಬೇಕೆಂದಿದ್ದ ಬ್ಯಾಂಕು ಹುಟ್ಟಲೇ ಇಲ್ಲ, ಕಣಗಿನಹಾಳದಲ್ಲಿ ಊರ ಗೌಡರೊಬ್ಬರು ನೆರೆಯವರನ್ನು ಕೂರಿಸಿ ಒಪ್ಪಿಸಿದ ಸಂಘ ಹುಟ್ಟಿತು. ಕಾಯ್ದೆ ಇಲ್ಲದಿದ್ದರೆ ಅದು ನಿಲ್ಲುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಅಪ್ಪನಿಗೆ ಈ ಕತೆ ಗೊತ್ತಿತ್ತು. "ಕಣಗಿನಹಾಳಕ್ಕ ನಮ್ಮ ಸಾಲಿ ಹುಡುಗರನ್ನ ಕರಕೊಂಡು ಹೋಗಿದ್ದೆ" ಅಂದರು. ನನಗೆ ಹೇಳಿರಲಿಲ್ಲವೋ, ಹೇಳಿದಾಗ ನಾನು ಕೇಳಿಸಿಕೊಂಡಿರಲಿಲ್ಲವೋ.

ವಲಸಿಗರ ಮನೆ

ನಮ್ಮಂಥ ವಲಸಿಗರಿಗೂ ಈ ಚರಿತ್ರೆಯಲ್ಲಿ ಪಾಲಿದೆ. ಕೆನರಾ ಕರಾವಳಿಯಿಂದ ಮುಂಬಯಿಗೆ ನೌಕರಿಗೆ ಹೋದ ಚಿತ್ರಾಪುರ ಸಾರಸ್ವತರ ಕಷ್ಟ ನೋಡಿ, ಅದೇ ಸಮುದಾಯದ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು 1906ರಲ್ಲಿ ಒಂದು ಪತ್ತಿನ ಸಂಘ ಕಟ್ಟಿದರು. ತಮ್ಮ ಗುರು ಶಾಮರಾವ್ ವಿಠ್ಠಲ್ ಅವರ ಹೆಸರಿಟ್ಟರು. ಅದೇ ಇವತ್ತಿನ ಎಸ್‌ವಿಸಿ ಬ್ಯಾಂಕ್. ಆಗ ಊರುಬಿಟ್ಟವರ ದೊಡ್ಡ ತೊಂದರೆ ಬಾಡಿಗೆ ಮನೆ. 1912ರಲ್ಲಿ ಕಾಯ್ದೆ ತಿದ್ದಿ, ಸಾಲವಲ್ಲದ ಉದ್ದೇಶಕ್ಕೂ ಸಂಘ ಕಟ್ಟಬಹುದು ಎಂದಾದಾಗ ತಲ್ಮಕಿಯವರು ತಡಮಾಡಲಿಲ್ಲ. 1915ರಲ್ಲಿ ಮುಂಬಯಿಯ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹ ಸಂಘ ಹುಟ್ಟಿತು. ದೇಶದ ಮೊದಮೊದಲ ಗೃಹ ಸಂಘಗಳಲ್ಲಿ ಅದೊಂದು. ತಾಡದೇವಿನ ತಲ್ಮಕಿವಾಡಿಗೆ ಅವರದೇ ಹೆಸರು.

ಪುಣೆಯ ಫ್ಲ್ಯಾಟುಗಳಲ್ಲಿರುವ ನಮ್ಮಲ್ಲಿ ಬಹಳಷ್ಟು ಜನ ಇವತ್ತು ಒಂದು ಸಹಕಾರಿ ಗೃಹ ಸಂಘದ ಸದಸ್ಯರು. ನಾವು ಅದನ್ನು 'ಸೊಸೈಟಿ' ಎನ್ನುತ್ತೇವೆ. ಸೊಸೈಟಿ ಎಂದರೆ ನಮ್ಮ ಪಾಲಿಗೆ ಮೆಂಟೆನೆನ್ಸ್ ಬಿಲ್ಲು, ಪಾರ್ಕಿಂಗ್ ಜಗಳ, ವಾಟ್ಸಾಪ್ ಗುಂಪು. ನಾನಿರುವ ಕಡೆ ನೂರಾರು ಮನೆಗಳಿವೆ. ಹೋದ ವಾರ್ಷಿಕ ಸಭೆಗೆ ಕೋರಂ ಆಗದೆ ಅರ್ಧ ಗಂಟೆ ಮುಂದೂಡಿ, ಬಂದಷ್ಟು ಜನರಲ್ಲೇ ನಡೆಸಿದರಂತೆ. 'ಅಂತೆ' ಏಕೆಂದರೆ ಅಲ್ಲಿಗೂ ನಾನು ಹೋಗಿರಲಿಲ್ಲ.

ನೀರು ಹೋದ ದಾರಿ

ಭೋರ್‌ಗೆ ಹೋಗುವವರಿಗೆ ಭಾಟಘರ್ ಅಣೆಕಟ್ಟು ಸಿಗುತ್ತದೆ. ನೀರಾ ನದಿಯ ಉಪನದಿ ಯೇಳವಂಡಿಗೆ ಕಟ್ಟಿದ್ದು. ಹತ್ತೊಂಬತ್ತನೇ ಶತಮಾನದ ಕೊನೆಗೆ ಹಳೆಯ ಕಟ್ಟೆ ಬಂತು, 1928ರ ಹೊತ್ತಿಗೆ ಅದಕ್ಕಿಂತ ಎತ್ತರದ್ದು. ಗವರ್ನರ್ ಜಾರ್ಜ್ ಲಾಯ್ಡ್ ಹೆಸರಿಟ್ಟರು. ಮುಳುಗಿದ್ದು ಭೋರ್ ಸೀಮೆಯ ಹೊಲಗಳು, ನೀರು ಹೋದದ್ದು ನೀರಾ ಕಾಲುವೆಗಳಲ್ಲಿ ಪೂರ್ವಕ್ಕೆ, ಬಾರಾಮತಿ, ಫಲಟಣದ ಕಡೆಗೆ.

ಸಹಕಾರದ ಹಣವೂ ಅದೇ ನೀರಿನ ದಾರಿ ಹಿಡಿಯಿತು. 1911ರಲ್ಲಿ ವಿಠ್ಠಲದಾಸ್ ಠಾಕರ್ಸಿ, ಲಲ್ಲೂಭಾಯಿ ಸಾಮಳದಾಸ್ ಮುಂಬಯಿಯಲ್ಲಿ ಕೇಂದ್ರ ಸಹಕಾರಿ ಬ್ಯಾಂಕು ಕಟ್ಟಿದಾಗ ಅವರ ಕಣ್ಣು ನೀರಾ ಕಾಲುವೆಯ ಕಬ್ಬಿನ ಬೆಳೆಗಾರರ ಮೇಲಿತ್ತು. ನೀರಿದ್ದವನಿಗೆ ಬೆಳೆ, ಬೆಳೆ ಇದ್ದವನಿಗೆ ಸಾಲ, ಸಾಲ ಸಿಕ್ಕವನಿಗೆ ಸಂಘ. ಮುಂದೆ 1950ರಲ್ಲಿ ಅಹ್ಮದ್‌ನಗರ ಜಿಲ್ಲೆಯ ಲೋಣಿಯಲ್ಲಿ ವಿಠ್ಠಲರಾವ್ ವಿಖೆ ಪಾಟೀಲರು, ಪುಣೆಯ ಗೋಖಲೆ ಸಂಸ್ಥೆಯ ಅರ್ಥಶಾಸ್ತ್ರಜ್ಞ ಧನಂಜಯರಾವ್ ಗಾಡ್ಗೀಳರ ಜೊತೆಗೂಡಿ ಪ್ರವರಾ ಸಹಕಾರಿ ಸಕ್ಕರೆ ಕಾರ್ಖಾನೆ ನಡೆಸಿ ತೋರಿಸಿದ ಮೇಲೆ, ಸಕ್ಕರೆ ಮತ್ತು ಸಹಕಾರ ಮಹಾರಾಷ್ಟ್ರದಲ್ಲಿ ಒಂದೇ ಮಾತಾಯಿತು. ರಸ್ತೆ, ಶಾಲೆ, ಕಾಲೇಜು, ಆಸ್ಪತ್ರೆ ಬಂದವು. ಅದರ ಹಿಂದೆಯೇ ಶಾಸಕರೂ ಮಂತ್ರಿಗಳೂ ಬಂದರು. ಭೋರ್ ತಾಲೂಕಿನಲ್ಲೂ ನಿಗಡೆಯ ಹತ್ತಿರ ರಾಜಗಡ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಆದರೆ ಇದು ಮೂಲತಃ ಭತ್ತದ ಸೀಮೆ, ಗುಡ್ಡದ ಸೀಮೆ. ನೀರು ಕೊಟ್ಟ ತಾಲೂಕು ಒಂದು, ಆ ನೀರಿನ ಮೇಲೆ ಸಹಕಾರದ ಸಾಮ್ರಾಜ್ಯ ಕಟ್ಟಿದ್ದು ಇನ್ನೊಂದು. ಒಗ್ಗಟ್ಟಿನ ಆರ್ಥಿಕತೆ ಎಂದಾಗ, ಯಾರ ಯಾರ ನಡುವಿನ ಒಗ್ಗಟ್ಟು ಎಂದು ಕೇಳಬೇಕಾದ ಪ್ರಶ್ನೆ ಈ ಕಟ್ಟೆಯ ಮೇಲೆ ನಿಂತರೆ ತಾನಾಗಿ ಹುಟ್ಟುತ್ತದೆ.

ಸರ್ಕಾರ ಪಾಲುದಾರನಾದಾಗ

ಸ್ವಾತಂತ್ರ್ಯ ಬಂದ ಮೇಲೆ ರಿಸರ್ವ್ ಬ್ಯಾಂಕು ಇಡೀ ದೇಶದ ಗ್ರಾಮೀಣ ಸಾಲದ ಸಮೀಕ್ಷೆ ಮಾಡಿಸಿತು. ಎ. ಡಿ. ಗೋರ್‌ವಾಲಾ ಸಮಿತಿಯ ವರದಿ 1954ರಲ್ಲಿ ಬಂತು. ರೈತರು ಪಡೆದ ಒಟ್ಟು ಸಾಲದಲ್ಲಿ ಸಹಕಾರ ಸಂಘಗಳ ಪಾಲು ಬರೀ ಶೇ. 3.1. ಲೇವಾದೇವಿಗಾರರದು ಶೇ. 70ರ ಆಸುಪಾಸು. ಸುಪೆಯಲ್ಲಿ ಪತ್ರ ಸುಟ್ಟು ಮುಕ್ಕಾಲು ಶತಮಾನ, ಕಣಗಿನಹಾಳದ ಸಂಘಕ್ಕೆ ಅರ್ಧ ಶತಮಾನ ಕಳೆದಿದ್ದರೂ ಸಾಹುಕಾರ ಇದ್ದಲ್ಲೇ ಇದ್ದ.

ಸಹಕಾರ ಸೋತಿದೆ, ಆದರೂ ಅದನ್ನು ಕೈಬಿಡುವಂತಿಲ್ಲ ಎಂದು ಸಮಿತಿ ತೀರ್ಮಾನಿಸಿತು. ಸೊರಗಿದ ಸಂಘಗಳಿಗೆ ಬಲ ಬರಬೇಕಾದರೆ ಸರ್ಕಾರವೇ ಷೇರು ಬಂಡವಾಳ ಹಾಕಿ ಪಾಲುದಾರನಾಗಬೇಕು ಎಂದಿತು. ಆ ಕಾಲಕ್ಕೆ ಅದು ಒಳ್ಳೆಯ ಉದ್ದೇಶದ ಮಾತು. ಹಣವೂ ಬಂತು, ಸಂಘಗಳೂ ಬೆಳೆದವು. ಜೊತೆಗೆ ಸರ್ಕಾರದ ನಿರ್ದೇಶಕರು, ಆಡಳಿತಾಧಿಕಾರಿಗಳು, ಚುನಾವಣೆ ಮುಂದೂಡಿಕೆ, ಆಡಳಿತ ಮಂಡಳಿ ರದ್ದು, ಸಾಲ ಮನ್ನಾ ಎಲ್ಲ ಬಂದವು. ಸಾಲ ಮುಳುಗಿದರೆ ತುಂಬಿಕೊಡಲು ಬೆಂಗಳೂರಿದೆ, ಮುಂಬಯಿ ಇದೆ ಎಂದಾದ ಮೇಲೆ ಪಕ್ಕದ ಮನೆಯವನು ಎಷ್ಟು ಸಾಲ ಎತ್ತಿದ ಎಂದು ಯಾರು ಕೇಳುತ್ತಾರೆ? ಅಪರಿಮಿತ ಹೊಣೆಯ ಕಾಲದಲ್ಲಿ ಸಂಘ 'ನಮ್ಮದು' ಆಗಿತ್ತು. ಈಗ ಅದು 'ಸರ್ಕಾರದ್ದು' ಆಯಿತು. 1859ರ ಕಾಯ್ದೆಯ ಮಾತು ನೆನಪಿಡಿ ಅಂದಿದ್ದೆನಲ್ಲ, ಅದು ಮರಳಿ ಬಂದದ್ದು ಇಲ್ಲಿ.

ಎಲ್ಲ ಕಡೆ ಹೀಗೇ ಆಯಿತು ಎಂದರೆ ತಪ್ಪಾಗುತ್ತದೆ. ದಕ್ಷಿಣ ಕನ್ನಡದಲ್ಲಿ ಮೊಳಹಳ್ಳಿ ಶಿವರಾಯರು 1909ರಲ್ಲಿ ಪುತ್ತೂರಿನಿಂದ ಹಚ್ಚಿದ ದೀಪ ಆರಲಿಲ್ಲ. ಅಡಿಕೆ ಬೆಲೆ ಕುಸಿದಾಗ 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ ಕ್ಯಾಂಪ್ಕೊ ಹುಟ್ಟಿತು. ಕರ್ನಾಟಕ, ಕೇರಳ ಎರಡರ ಬೆಳೆಗಾರರೂ, ಅಂದರೆ ನಮ್ಮ ಕಾಸರಗೋಡಿನವರೂ, ಅದರ ಸದಸ್ಯರು. ರಾಜ್ಯದ ಗಡಿ ಅಡಿಕೆಗೆ ಲೆಕ್ಕಕ್ಕಿಲ್ಲ ಎಂದು ತೋರಿಸಿದ ಸಂಘ ಅದು.

ಇನ್ನೊಂದು ಹೊಳಹು ಬಂದದ್ದೂ ಕರ್ನಾಟಕದಿಂದಲೇ. 1980ರ ದಶಕದ ನಡುವೆ ಬೆಂಗಳೂರಿನ ಮೈರಾಡಾ ಸಂಸ್ಥೆ ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳು ಒಡೆಯತೊಡಗಿದವು. ಸದಸ್ಯರಿಗೆ ಮುಖಂಡರ ಮೇಲೆ ನಂಬಿಕೆ ಹೋಗಿತ್ತು. ಸಂಸ್ಥೆಯವರು ಹೋಗಿ ನೋಡಿದರೆ, ಜನ ಸಹಕಾರವನ್ನು ಬಿಟ್ಟಿರಲಿಲ್ಲ. ಪರಸ್ಪರ ನಂಬುವ ಹದಿನೈದು ಇಪ್ಪತ್ತು ಮಂದಿ ಬೇರೆಯಾಗಿ ಕೂತು ಉಳಿತಾಯ ನಡೆಸಲು ತಯಾರಿದ್ದರು. ಸ್ವಸಹಾಯ ಗುಂಪಿನ ಒಂದು ಮುಖ್ಯ ಬೇರು ಅಲ್ಲಿದೆ. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುಮಾಡಿತು. ಇವತ್ತು ಗ್ರಾಮೀಣ ಜೀವನೋಪಾಯ ಅಭಿಯಾನದಡಿ 10 ಕೋಟಿ ಹೆಣ್ಣುಮಕ್ಕಳು ಇಂಥ ಗುಂಪುಗಳಲ್ಲಿದ್ದಾರೆ. ದೊಡ್ಡ ಸಂಘ ಸೋತ ಕಡೆಯಲ್ಲೇ ಚಿಕ್ಕ ಸಂಘ ಮೊಳೆತದ್ದು ಕಾಕತಾಳೀಯವಲ್ಲ.

ಅದೇ ಕಾಲಕ್ಕೆ ಸರ್ಕಾರದ ಹಿಡಿತದಿಂದ ಸಂಘಗಳನ್ನು ಬಿಡಿಸುವ ಕಾನೂನುಗಳೂ ಬಂದವು. 1995ರಲ್ಲಿ ಆಂಧ್ರ, ಸರ್ಕಾರದ ಹಣ ಬೇಡ ಎನ್ನುವ ಸಂಘಗಳಿಗೆ ಬೇರೆ ಕಾಯ್ದೆ ಮಾಡಿತು. ಕರ್ನಾಟಕದಲ್ಲಿ 1997ರ ಸೌಹಾರ್ದ ಸಹಕಾರಿ ಕಾಯ್ದೆ 2001ರಿಂದ ಜಾರಿಗೆ ಬಂತು. ಗಮನಿಸಿ, ಜಗತ್ತು ಈಗ 'ಒಗ್ಗಟ್ಟಿನ ಆರ್ಥಿಕತೆ' ಎನ್ನುತ್ತಿರುವುದಕ್ಕೆ ಹತ್ತಿರದ ಒಂದು ಕನ್ನಡ ಪದ ನಮ್ಮ ಕಾನೂನಿನಲ್ಲಿ ಆಗಲೇ ಇದೆ.

ದಿಲ್ಲಿಯ ನೀತಿ

ರಾಷ್ಟ್ರೀಯ ಸಹಕಾರ ನೀತಿ ಮೊದಲು ಬಂದದ್ದು 2002ರಲ್ಲಿ. 2011ರಲ್ಲಿ ಸಂವಿಧಾನದ 97ನೇ ತಿದ್ದುಪಡಿ, ಸಹಕಾರ ಸಂಘ ಕಟ್ಟುವುದನ್ನು ಮೂಲಭೂತ ಹಕ್ಕಾಗಿಸಿತು. 2021ರ ಜುಲೈ ವಿಚಿತ್ರವಾದ ತಿಂಗಳು. ಮೊದಲ ವಾರದಲ್ಲಿ ಕೇಂದ್ರ ಸರ್ಕಾರ ಹೊಸದಾಗಿ ಸಹಕಾರ ಸಚಿವಾಲಯ ತೆರೆಯಿತು. ಅದೇ ತಿಂಗಳ 20ರಂದು ಸುಪ್ರೀಂ ಕೋರ್ಟು, ರಾಜ್ಯದೊಳಗಿನ ಸಹಕಾರ ಸಂಘಗಳು ರಾಜ್ಯದ ವಿಷಯ, ರಾಜ್ಯಗಳ ಅನುಮೋದನೆ ಇಲ್ಲದೆ ಮಾಡಿದ ತಿದ್ದುಪಡಿಯ ಆ ಭಾಗ ಅವುಗಳಿಗೆ ಅನ್ವಯಿಸದು ಎಂದು ತೀರ್ಪು ಕೊಟ್ಟಿತು. ರಾಷ್ಟ್ರೀಯ ನೀತಿಯ ಇಕ್ಕಟ್ಟು ಇಲ್ಲೇ ಇದೆ. ನೀತಿ ದಿಲ್ಲಿಯದು, ಕಾಯ್ದೆ ರಾಜ್ಯದ್ದು, ಸಂಘ ಊರಿನದು.

ಸುರೇಶ್ ಪ್ರಭು ಸಮಿತಿ ತಯಾರಿಸಿದ ಹೊಸ ನೀತಿ 2025ರ ಜುಲೈ 24ರಂದು ಬಿಡುಗಡೆಯಾಯಿತು. ವಿಶ್ವಸಂಸ್ಥೆ ಆ ವರ್ಷವನ್ನು ಅಂತರರಾಷ್ಟ್ರೀಯ ಸಹಕಾರ ವರ್ಷ ಎಂದು ಕರೆದಿತ್ತು. ನೀತಿಯಲ್ಲಿ 6 ಸ್ತಂಭ, 16 ಗುರಿ, 83 ಕಾರ್ಯಾಂಶ. ಹಳ್ಳಿಗೊಂದು ಸಂಘ ಇರಬೇಕು, 50 ಕೋಟಿ ಜನ ಸಹಕಾರದಲ್ಲಿ ಸಕ್ರಿಯರಾಗಬೇಕು ಎಂಬ ಗುರಿ ಇದೆ. ಇದಕ್ಕೆ ಮೊದಲೇ, 2022ರಲ್ಲಿ, 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ಸಾಫ್ಟ್‌ವೇರಿಗೆ ತರಲು 2,516 ಕೋಟಿ ರೂಪಾಯಿಯ ಯೋಜನೆ ಮಂಜೂರಾಗಿತ್ತು. ನನ್ನ ಕಸುಬಿನವರಿಗೆ ಇದು ಸಂತೋಷದ ಸುದ್ದಿ, ಸಣ್ಣ ಕೆಲಸವಲ್ಲ. ಕೈಬರಹದ ಖಾತೆ ಕಂಪ್ಯೂಟರಿಗೆ ಬಂದರೆ ಸುಳ್ಳು ಸಾಲ ಬೇಗ ಸಿಕ್ಕಿಬೀಳುತ್ತದೆ.

ಆದರೆ ನಾವು ಪ್ರಾಜೆಕ್ಟಿನವರು ಒಂದು ಪಾಠ ಪೆಟ್ಟು ತಿಂದು ಕಲಿತಿದ್ದೇವೆ. ಯಾವುದನ್ನು ಎಣಿಸುತ್ತೀರೋ ಅದು ಬೆಳೆಯುತ್ತದೆ. ಎಷ್ಟು ಸಂಘ ನೋಂದಣಿಯಾದವು ಎಂದು ಎಣಿಸಿದರೆ ಸಂಘಗಳ ಸಂಖ್ಯೆ ಏರುತ್ತದೆ. ಎಷ್ಟು ಸದಸ್ಯರು ಸಭೆಗೆ ಬಂದರು, ಎಷ್ಟು ಮಂದಿ ಲೆಕ್ಕ ಕೇಳಿದರು, ಎಷ್ಟು ಕಡೆ ಚುನಾವಣೆ ಸಮಯಕ್ಕೆ ನಡೆಯಿತು ಎಂದು ಎಣಿಸಿದರೆ ಬೇರೆಯದೇ ಚಿತ್ರ ಬರುತ್ತದೆ. ದೇಶದಲ್ಲಿ 8 ಲಕ್ಷಕ್ಕೂ ಹೆಚ್ಚು ಸಂಘ, ಸುಮಾರು 30 ಕೋಟಿ ಸದಸ್ಯರು ಎನ್ನುತ್ತದೆ ಸರ್ಕಾರ. ಆ ಲೆಕ್ಕದಲ್ಲಿ ಎಲ್ಲಿಗೂ ಹೋಗದ ನನ್ನಂಥವರೂ ಇದ್ದೇವೆ.

ಇನ್ನೊಂದು ಕೊರತೆ ಕಾಣುವುದು ಹೊರಗಿನ ಜಗತ್ತಿನ ಜೊತೆ ಹೋಲಿಸಿದಾಗ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2022ರ ಜೂನ್‌ನಲ್ಲಿ, ವಿಶ್ವಸಂಸ್ಥೆಯ ಮಹಾಸಭೆ 2023ರ ಏಪ್ರಿಲ್ 18ರಂದು ಸಾಮಾಜಿಕ ಮತ್ತು ಒಗ್ಗಟ್ಟಿನ ಆರ್ಥಿಕತೆಯ ಬಗ್ಗೆ ನಿರ್ಣಯ ಮಾಡಿದವು. ಬಂಡವಾಳಕ್ಕಿಂತ ಮನುಷ್ಯ ಮೊದಲು, ಒಬ್ಬರ ಹುಕುಮಿನ ಬದಲು ಎಲ್ಲರ ಪಾಲ್ಗೊಳ್ಳುವಿಕೆ, ಲಾಭ ಹಂಚಿಕೆಗೆ ಮಿತಿ, ಇಂಥ ತತ್ವದ ಮೇಲೆ ನಡೆಯುವ ಸಹಕಾರಿ, ಸ್ವಸಹಾಯ ಗುಂಪು, ಪರಸ್ಪರ ಸಹಾಯ ನಿಧಿ, ಸಂಘ, ಪ್ರತಿಷ್ಠಾನ, ಸಾಮಾಜಿಕ ಉದ್ಯಮ ಎಲ್ಲವನ್ನೂ ಒಂದೇ ಚೌಕಟ್ಟಿನಲ್ಲಿ ನೋಡಬೇಕು ಎಂಬುದು ಸಾರ. ಸ್ಪೇನ್ ಮತ್ತು ಈಕ್ವೆಡಾರ್ 2011ರಲ್ಲಿ, ಫ್ರಾನ್ಸ್ 2014ರಲ್ಲಿ, ಸೆನೆಗಲ್ 2021ರಲ್ಲಿ ಇಂಥ ಕಾಯ್ದೆ ಮಾಡಿದವು.

ನಮ್ಮಲ್ಲಿ ಇವೆಲ್ಲ ಇವೆ, ಆದರೆ ಬೇರೆ ಬೇರೆ ಕಪಾಟಿನಲ್ಲಿವೆ. ಸಹಕಾರ ಸಂಘ ಸಹಕಾರ ಇಲಾಖೆಗೆ, ಸ್ವಸಹಾಯ ಗುಂಪು ಗ್ರಾಮೀಣಾಭಿವೃದ್ಧಿಗೆ, ರೈತ ಉತ್ಪಾದಕ ಕಂಪನಿ ಕಂಪನಿ ಕಾಯ್ದೆಗೆ, ಟ್ರಸ್ಟು ಮತ್ತೊಂದು ಕಡೆಗೆ. ಭೋರ್‌ನ ಹೆಣ್ಣುಮಗಳೊಬ್ಬಳು ಬಚತ್ ಗಟದಲ್ಲಿ ಉಳಿತಾಯ ಮಾಡಿ, ಸೊಸೈಟಿಯಿಂದ ಗೊಬ್ಬರ ತಂದು, ಉತ್ಪಾದಕ ಕಂಪನಿಗೆ ಅಕ್ಕಿ ಮಾರಿದರೆ, ಒಬ್ಬಳೇ ಮನುಷ್ಯಳು ಮೂರು ಇಲಾಖೆಗಳ ಅಂಕಿಯಾಗುತ್ತಾಳೆ. ಇನ್ನು ಯಾವ ಇಲಾಖೆಗೂ ಸಿಗದವು ಬೇರೆ. ನಮ್ಮ ಕಡೆಯ ಮುಯ್ಯಾಳು, ಇಲ್ಲಿನ ಇರ್ಜಿಕ, ಹುಬ್ಬಳ್ಳಿಯಲ್ಲೂ ಪುಣೆಯಲ್ಲೂ ಹೆಂಗಸರು ನಡೆಸುವ ಭಿಶಿ. ಇವನ್ನೆಲ್ಲ ನೋಂದಣಿ ಮಾಡಿಸಿ ಎಂದು ನಾನು ಹೇಳುತ್ತಿಲ್ಲ. ನೋಂದಣಿಯಾದ ಮರುದಿನವೇ ಭಿಶಿ ಸತ್ತೀತು. ನೀತಿ ಬರೆಯುವವರಿಗೆ ಇವು ಕಣ್ಣಿಗೆ ಬಿದ್ದಿರಲಿ ಎಂಬುದಷ್ಟೇ.

ಕೇಳುವ ಹಕ್ಕು ಯಾರಿಗಿದೆ, ಕಳಕೊಂಡರೆ ತುಂಬುವವರು ಯಾರು ಎಂಬುದೂ ನೀತಿಯ ಪ್ರಶ್ನೆಯೇ. ಓದುಗರಿಗೆ ಒಂದು ಉಪಯೋಗದ ಮಾತು ಹೇಳಿಬಿಡುತ್ತೇನೆ. ಸಹಕಾರಿ ಬ್ಯಾಂಕು ಬೇರೆ, ಪತ್ತಿನ ಸಹಕಾರಿ ಸಂಘ ಬೇರೆ. ಬ್ಯಾಂಕಿನ ಠೇವಣಿಗೆ 2020ರಿಂದ 5 ಲಕ್ಷದವರೆಗೆ ವಿಮೆ ಇದೆ. 2021ರ ತಿದ್ದುಪಡಿಯ ನಂತರ, ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿದರೆ 90 ದಿನದಲ್ಲಿ ಆ ಹಣ ಕೊಡಬೇಕು. ಪತ್ತಿನ ಸಂಘದ ಠೇವಣಿಗೆ ಈ ವಿಮೆ ಇಲ್ಲ. ಬೋರ್ಡಿನಲ್ಲಿ 'ಸಹಕಾರಿ' ಎಂಬ ಪದ ಎರಡಕ್ಕೂ ಒಂದೇ ದಪ್ಪಕ್ಷರದಲ್ಲಿ ಇರುತ್ತದೆ. ಎಂಟೆಕ್ ಓದಿದ ನನಗೆ ಇದು ಗೊತ್ತಾದದ್ದು ಶಟರ್ ಮೇಲೆ ಕಾಗದ ಬಿದ್ದ ಮೇಲೆ.

ಹತ್ತು ರೂಪಾಯಿ ದಂಡ

ಭೋರ್ ಊರೊಳಗೆ ಹೋಗಿ ರಾಜವಾಡೆಯನ್ನು ಹೊರಗಿನಿಂದ ನೋಡಿ ತಿರುಗಿದೆವು. 1948ರಲ್ಲಿ ಸಂಸ್ಥಾನ ಮುಂಬಯಿ ರಾಜ್ಯಕ್ಕೆ ಸೇರಿತು. ವಾಪಸು ಬರುವಾಗ ರಸ್ತೆ ಬದಿಯಲ್ಲಿ ಮೂರು ಹೆಂಗಸರು ಮೇಜು ಹಾಕಿ ಅಕ್ಕಿ, ನಾಚಣಿ ಹಪ್ಪಳ ಮಾರುತ್ತಿದ್ದರು. ನಾಚಣಿ ಎಂದರೆ ನಮ್ಮ ರಾಗಿ. ಬಚತ್ ಗಟದ ಬ್ಯಾನರು ಕಟ್ಟಿದ್ದರು. ಅಕ್ಕಿ ತೂಗಿಸುತ್ತಿದ್ದಾಗ ಅಪ್ಪ ತಮ್ಮ ಹರಕುಮುರುಕು ಮರಾಠಿಯಲ್ಲಿ, ಮೀಟಿಂಗಿಗೆ ಎಲ್ಲರೂ ಬರುತ್ತಾರಾ ತಾಯಿ ಎಂದು ಕೇಳಿದರು.

ವಯಸ್ಸಾದ ಹೆಂಗಸು ನಕ್ಕಳು. ಬಾರದಿದ್ದರೆ ಹತ್ತು ರೂಪಾಯಿ ದಂಡ ಬಾಬಾ, ಹತ್ತು ರೂಪಾಯಿ ಯಾರಿಗೆ ಬೇಡ ಎಂದಳು. ಹೋದ ತಿಂಗಳು ಅಧ್ಯಕ್ಷೆಗೇ ದಂಡ ಬಿತ್ತು ಎಂದು ಪಕ್ಕದವಳು ಸೇರಿಸಿದಳು. ಮೂವರೂ ಜೋರಾಗಿ ನಕ್ಕರು.

ಅಪ್ಪ ಕಾರಿನಲ್ಲಿ ಕೂತ ಮೇಲೆ, "ಇವರ ರೊಕ್ಕ ಎಲ್ಲೂ ಹೋಗೂದಿಲ್ಲ ನೋಡು" ಅಂದರು. ತಮ್ಮ ರೊಕ್ಕದ ಬಗ್ಗೆ ಏನೂ ಹೇಳಲಿಲ್ಲ. ಠೇವಣಿದಾರರದೊಂದು ಗುಂಪು ಆಗಿದೆ, ಸಹಕಾರ ಇಲಾಖೆಗೆ ಅರ್ಜಿ ಕೊಟ್ಟಿದ್ದೇವೆ, ಪ್ರತಿ ತಿಂಗಳ ಎರಡನೇ ಶನಿವಾರ ಸೇರುತ್ತೇವೆ. ಇದುವರೆಗೆ ನಾಲ್ಕು ಸಭೆಗಳಾಗಿವೆ. ನಾಲ್ಕಕ್ಕೂ ಹೋಗಿದ್ದೇನೆ. ಹಣ ಬರುತ್ತದೋ ಇಲ್ಲವೋ ಹೇಳುವ ಸ್ಥಿತಿಯಲ್ಲಿ ಇನ್ನೂ ಯಾರೂ ಇಲ್ಲ. ಬರುವ ಸೆಪ್ಟೆಂಬರಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಸೊಸೈಟಿಯ ವಾರ್ಷಿಕ ಸಭೆ ಇದೆ. ಊರಿಂದ ಫೋನು ಮಾಡಿದಾಗಲೆಲ್ಲ ಅಪ್ಪ ಅದರ ತಾರೀಖು ಕೇಳುತ್ತಾರೆ.